ಹೊಗೆ ನಿಂತ ಅಟ್ಟ: ಪತ್ತನಾಜೆಗೆ ಮೊದಲು ಸಣ್ಣ ಮನೆಯನ್ನು ಹದಕ್ಕೆ ತಂದದ್ದು

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮಂಗಳೂರು ಹಂಚಿನ ಮಾಡು. ಒಂದು ಜಗಲಿ, ನಡುಕೋಣೆ, ಪಡುಬದಿಗೆ ಮಲಗುವ ಕೋಣೆ, ಅಡಿಗೆಮನೆ, ಅಷ್ಟೇ. ಅಡಿಗೆಮನೆ ಮತ್ತು ನಡುಕೋಣೆಯ ಮೇಲೆ ಮರದ ಅಟ್ಟ ಇದೆ. ಅತ್ತೆ, ನಾವಿಬ್ಬರು, ಮಗಳು, ಹೀಗೆ ನಾಲ್ಕು ಜನ. ಸಾಮಾನು ಮಾತ್ರ ಮೂರು ತಲೆಮಾರಿನದ್ದು.

ಈ ವರ್ಷ ಪತ್ತನಾಜೆಯ ಒಳಗೆ ಮನೆಯನ್ನು ಒಂದು ಹದಕ್ಕೆ ತರಬೇಕು ಅಂತ ಹೊರಟೆವು. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಲ್ಲಿಗೆ ದೈವಗಳ ಕೋಲ, ಯಕ್ಷಗಾನದ ತಿರುಗಾಟ ಎಲ್ಲ ನಿಲ್ಲುತ್ತದೆ. ಆಮೇಲೆ ಬಿಸಿಲನ್ನು ನಂಬುವ ಹಾಗಿಲ್ಲ. ಮಾಡಿದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಹಂಚಿನ ಮನೆ ಇರುವವರಿಗೆ ಅಳತೆಗಳು ಹಾಗೇ ಉಪಯೋಗಕ್ಕೆ ಬಂದಾವು.

ಹಂತ 1: ಒಣ ಜಾಗ ಎಲ್ಲಿದೆ ಅಂತ ನೋಡಿದ್ದು (ಹೋದ ವರ್ಷದ ಆಟಿ)

ಕೆಲಸ ನಿಜವಾಗಿ ಶುರುವಾದದ್ದು ಹೋದ ಮಳೆಗಾಲದಲ್ಲೇ. ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು. ಪ್ರತಿ ಆಟಿಗೂ ಬಟ್ಟೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮಗಳ ಪುಸ್ತಕಕ್ಕೂ ಬೂಷ್ಟು. ಕಪಾಟು ಸಾಲದು, ಇನ್ನೊಂದು ಬೇಕು ಅಂತಲೇ ಮನೆಯಲ್ಲಿ ಮಾತು. ಕಪಾಟಿಗೆ ದುಡ್ಡು ಹಾಕುವ ಮೊದಲು 350 ರೂಪಾಯಿ ಕೊಟ್ಟು ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ತಂದೆ. ಗಡಿಯಾರದಷ್ಟೇ ಇರುತ್ತದೆ, ಒಂದು ಸೆಲ್ಲು ಸಾಕು. ಜೋರು ಮಳೆಯ ದಿನಗಳಲ್ಲಿ ಒಂದೊಂದು ಮೂಲೆಯಲ್ಲಿ ಒಂದೊಂದು ರಾತ್ರಿ ಇಟ್ಟು ಬೆಳಿಗ್ಗೆ ಬರೆದುಕೊಂಡೆ.

ಅಟ್ಟದಲ್ಲಿ ಶೇಕಡಾ 93. ಪಡುಕೋಣೆಯಲ್ಲಿ ಗೋಡೆಗೆ ತಾಗಿಸಿಟ್ಟ ಕಪಾಟಿನ ಹಿಂದೆ 91. ಅದೇ ಕೋಣೆಯ ನಡುವೆ 86. ನಡುಕೋಣೆ ಮತ್ತು ಅಡಿಗೆಮನೆಯ ನಡುವಿನ ಒಳಗೋಡೆಯ ಹತ್ತಿರ 74. ಗ್ಯಾಸ್ ಒಲೆಯ ಮೇಲಿನ ಕಟ್ಟೆಯಲ್ಲಿ ಅಡಿಗೆಯಾಗಿ ಒಂದೆರಡು ಗಂಟೆ ಕಳೆದ ಮೇಲೆ 71.

ತೇವಾಂಶ 80ರ ಮೇಲೆ ದಿನಗಟ್ಟಲೆ ನಿಂತರೆ ಬಟ್ಟೆ, ಕಾಗದ, ತೊಗಲು ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಅಂದರೆ ನಾವು ಸಾಮಾನು ತುಂಬಿಸಿಟ್ಟದ್ದೆಲ್ಲ ಮನೆಯ ಅತಿ ಒದ್ದೆ ಜಾಗಗಳಲ್ಲಿ. ಒಣಗಿರುವ ಒಳಗೋಡೆಯ ಬದಿಯಲ್ಲಿ ಇದ್ದದ್ದು ಒಂದು ಕ್ಯಾಲೆಂಡರ್, ಒಂದು ಹಳೇ ಬೆಂಚು. ಪಡುಗೋಡೆಗೆ ಮಳೆ ನೇರ ಹೊಡೆಯುತ್ತದೆ, ಗಾಳಿ ಬರುವುದೇ ಆ ದಿಕ್ಕಿನಿಂದ ಅಲ್ವಾ. ಹಿಂದೆ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಂತೆ. ಈಗ ನೀಲಿ ಟರ್ಪಾಲು ಕಟ್ಟುತ್ತೇವೆ. ಅದು ಮಳೆ ತಡೆಯುತ್ತದೆ, ಜೊತೆಗೆ ಗೋಡೆಗೆ ಗಾಳಿ ಆಡುವುದನ್ನೂ ತಡೆಯುತ್ತದೆ.

ಅಟ್ಟದ ಸಂಗತಿ ಅತ್ತೆಯ ಬಾಯಿಂದ ಗೊತ್ತಾಯಿತು. "ಆಗ ಅಟ್ಟಕ್ಕೆ ಹಾಕಿದ್ದು ಕಪ್ಪಾಗುತ್ತಿತ್ತು, ಹಾಳಾಗುತ್ತಿರಲಿಲ್ಲ" ಅಂದರು. ಆಗ ಕೆಳಗೆ ಕಟ್ಟಿಗೆ ಒಲೆ ಇತ್ತು. ಬೆಳಗಿನಿಂದ ರಾತ್ರಿಯವರೆಗೆ ಹೊಗೆ ಮೇಲೇರಿ, ಅಟ್ಟವನ್ನು ಬೆಚ್ಚಗಿಟ್ಟು, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಅಡಕೆ, ಬೀಜದ ತೆಂಗಿನಕಾಯಿ, ಬುಟ್ಟಿ, ಚಾಪೆ ಎಲ್ಲ ಆ ಹೊಗೆಯಲ್ಲೇ ಉಳಿಯುತ್ತಿತ್ತು. ಗ್ಯಾಸ್ ಬಂದ ಮೇಲೆ ಅಡಿಗೆಮನೆ ಬೆಳ್ಳಗಾಯಿತು, ಅಟ್ಟ ತಣ್ಣಗಾಯಿತು. ನಾವು ಮಾತ್ರ ಹಳೇ ಅಭ್ಯಾಸದಂತೆ ಸಾಮಾನು ಅಲ್ಲಿಗೇ ಏರಿಸುತ್ತಾ ಬಂದೆವು. ಮನೆ ಸಣ್ಣದು ಅಂತ ಇಷ್ಟು ವರ್ಷ ಹೇಳಿಕೊಂಡದ್ದು ಪೂರ್ತಿ ಸರಿಯಲ್ಲ. ಸಣ್ಣದು ಇದ್ದದ್ದು ಒಣ ಜಾಗ. ಆ ಒಣ ಜಾಗಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟೇ ಇಟ್ಟುಕೊಳ್ಳುವುದು ಅಂತ ತೀರ್ಮಾನ ಮಾಡಿದೆವು.

ಹಂತ 2: ಅಟ್ಟ ಇಳಿಸಿದ್ದು (ವಿಷು ಕಳೆದ ಮೇಲೆ)

ವಿಷು ಮುಗಿದ ಕೂಡಲೇ ಶುರು ಮಾಡಬೇಕು, ತಡ ಮಾಡಬಾರದು. ಕಾರಣ ಹುಳ. ನಮ್ಮ ಸುತ್ತ ರಬ್ಬರ್ ತೋಟ ಇದೆ. ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ತೋಟದ ತರಗೆಲೆಯಿಂದ ಸಣ್ಣ ಕಪ್ಪು ಹುಳಗಳು ಎದ್ದು ದೀಪಕ್ಕೆ ಬರುತ್ತವೆ. ಸಾವಿರಗಟ್ಟಲೆ ಬಂದು ಅಟ್ಟದ ಸಾಮಾನಿನ ಅಡಿ ಸೇರಿ ಮಳೆಗಾಲ ಪೂರ್ತಿ ಅಲ್ಲೇ ಇರುತ್ತವೆ. ಮುಟ್ಟಿದರೆ ನಾತ, ಕಣ್ಣಿಗೆ ತಾಗಿದರೆ ಉರಿ. ಗೋಣಿ, ಕಾಗದ, ರಟ್ಟಿನ ಪೆಟ್ಟಿಗೆ ಇದ್ದಷ್ಟೂ ಅವುಗಳಿಗೆ ಅನುಕೂಲ. ಅಟ್ಟ ಖಾಲಿಯಾದರೆ ಅಡಗಲು ಜಾಗ ಇಲ್ಲ.

ಬೇಕಾದದ್ದು: ಏಣಿ, ತಲೆಗೆ ಕಟ್ಟುವ ಟಾರ್ಚು, ಮೂಗಿಗೆ ಬಟ್ಟೆ, ಹಿಡಿಸೂಡಿ, ಹಗ್ಗ ಕಟ್ಟಿದ ಬುಟ್ಟಿ. ಇವರು ಮೇಲೆ ಹತ್ತಿದರು, ನಾನೂ ಮಗಳೂ ಕೆಳಗೆ ಬುಟ್ಟಿ ಹಿಡಿದೆವು. ಮೊದಲು ಮೂಲೆಯಲ್ಲಿ ಕೋಲು ಆಡಿಸಿ ಸದ್ದು ಮಾಡಬೇಕು. ಹಾವಿದ್ದರೆ, ಮರಬೆಕ್ಕು ಇದ್ದರೆ ಹೋಗಲು ದಾರಿ ಬಿಡಬೇಕು.

ಇಳಿದದ್ದು: ಅಡಕೆ ತುಂಬುತ್ತಿದ್ದ ಗೋಣಿಗಳ ಒಂದು ಕಟ್ಟು, ಅರ್ಧಕ್ಕರ್ಧ ಇಲಿ ಕಡಿದದ್ದು. ಒಡೆದ ಮಿಕ್ಸಿ, ಅದರ ರಟ್ಟಿನ ಪೆಟ್ಟಿಗೆ, ಅದರ ನಂತರದ ಮಿಕ್ಸಿಯ ಪೆಟ್ಟಿಗೆ. ಹತ್ತಿಯ ಎರಡು ಹಾಸಿಗೆ. ಮಗಳ ತೊಟ್ಟಿಲು. ಹಿತ್ತಾಳೆ ಕೊಪ್ಪರಿಗೆ, ಉರುಳಿ, ತಾಮ್ರದ ಹಂಡೆ. ಉಪ್ಪಿನಕಾಯಿಯ ಖಾಲಿ ಭರಣಿಗಳು. ಮೆಟ್ಟುಕತ್ತಿ ಎರಡು, ಹಿಡಿ ಇಲ್ಲದ್ದು. ಕಾಗದಪತ್ರ ತುಂಬಿದ ತಗಡಿನ ಟ್ರಂಕು. ಮತ್ತೆ, ಮಾಡು ರಿಪೇರಿ ಮಾಡಿಸಿದಾಗ ತೆಗೆದಿಟ್ಟ ಹಳೇ ರೀಪು (ಹಂಚು ಕೂರುವ ಮರದ ಪಟ್ಟಿ), ಪಕ್ಕಾಸು (ರೀಪನ್ನು ಹೊರುವ ಉದ್ದ ಮರ) ಇವುಗಳ ಕಟ್ಟು.

ಹಂತ 3: ಬಿಸಿಲಿಗೆ ಪಾಳಿ

ಇಲ್ಲಿ ನಿಜವಾದ ತೊಡಕು ಬಂತು. ಮೇ ತಿಂಗಳಲ್ಲಿ ಅಂಗಳ ಹಲಸಿನ ಹಪ್ಪಳದ್ದು. ಹಪ್ಪಳಕ್ಕೆ ಬಿಸಿಲು ಬೇಕು, ಅಟ್ಟದಿಂದ ಇಳಿದದ್ದಕ್ಕೂ ಬಿಸಿಲು ಬೇಕು. ಹಪ್ಪಳದ ಪಕ್ಕ ಬೂಷ್ಟು ಹಿಡಿದ ಹಾಸಿಗೆ ಹಾಕುವುದು ಆಗದ ಮಾತು. ಕೊನೆಗೆ ಅಂಗಳದ ಮೂಡು ಅರ್ಧ ಹಪ್ಪಳಕ್ಕೆ, ಪಡು ಅರ್ಧ ಸಾಮಾನಿಗೆ ಅಂತ ಹಗ್ಗ ಎಳೆದೆವು. ಗಾಳಿ ಪಡುವಿನಿಂದ ಬೀಸುವುದರಿಂದ ಧೂಳು ಹಪ್ಪಳದ ಮೇಲೆ ಬೀಳತೊಡಗಿತು. ಅತ್ತೆ ಬದಲಿಸಿದರು: ಹಪ್ಪಳ ಪಡುವಿಗೆ, ಸಾಮಾನು ಮೂಡಕ್ಕೆ. ಮತ್ತೆ ತೊಂದರೆ ಆಗಲಿಲ್ಲ.

ಬಟ್ಟೆ, ಹಾಸಿಗೆ, ಕಾಗದ ಯಾವುದೇ ಇರಲಿ, ಒಣಗಿದ ಮೇಲೆ ನೆರಳಿನಲ್ಲಿ ಆರಿಸಿ ಆಮೇಲೆ ಒಳಗಿಡಬೇಕು. ಬಿಸಿ ಇರುವಾಗಲೇ ಡಬ್ಬಕ್ಕೆ ಹಾಕಿ ಮುಚ್ಚಿದರೆ ಒಳಗೆ ಬೆವರುತ್ತದೆ. ಹಪ್ಪಳಕ್ಕೆ ಅತ್ತೆ ಪಾಲಿಸುವ ನಿಯಮವೇ ಕಂಬಳಿಗೂ ಅನ್ವಯ.

ಹಂತ 4: ಯಾವುದು ಎಲ್ಲಿಗೆ

ಬೇಕು, ಬೇಡ ಅಂತ ಕೇಳುತ್ತಾ ಕೂತರೆ ಮುಗಿಯುವುದಿಲ್ಲ. ಎಲ್ಲವೂ ಯಾರಿಗೋ ಬೇಕಾಗಿರುತ್ತದೆ. ನಾವು ಕೇಳಿದ್ದು ಬೇರೆ ಪ್ರಶ್ನೆ: ಇದು ಒದ್ದೆಗೆ ಹೆದರುತ್ತದಾ? ಹೆದರುವುದಾದರೆ ಒಣ ಗೋಡೆಯಲ್ಲಿ ಇದಕ್ಕೆ ಜಾಗ ಕೊಡುವಷ್ಟು ಕೆಲಸ ಇದೆಯಾ?

ಹಿತ್ತಾಳೆ, ತಾಮ್ರ, ಭರಣಿ ಇವಕ್ಕೆ ಒದ್ದೆಯ ಹೆದರಿಕೆ ಇಲ್ಲ. ಕ್ಲಾವು (ಕಿಲುಬು) ಹಿಡಿದರೆ ಹುಣಸೆಹಣ್ಣು ಹಾಕಿ ತಿಕ್ಕಿದರಾಯಿತು. ಹಾಗಾಗಿ ಕೊಪ್ಪರಿಗೆಯ ವಿಚಾರದಲ್ಲಿ ಅತ್ತೆಗೂ ಇವರಿಗೂ ಆಗಬೇಕಿದ್ದ ವಾದ ಆಗಲೇ ಇಲ್ಲ. "ಇದನ್ನು ಗುಜರಿಗೆ ಹಾಕ್ತೀರಾ?" ಅಂತ ಅತ್ತೆ ಕೇಳಿದ್ದೇ ತಡ, "ಇಲ್ಲಮ್ಮ, ಅದು ಅಟ್ಟಕ್ಕೇ ವಾಪಸ್ ಹೋಗ್ತದೆ" ಅಂದರು ಇವರು. ತೊಟ್ಟಿಲು ನೆಂಟರ ಮನೆಗೆ ಹೋಯಿತು. ಅಲ್ಲಿ ಈಗ ಅದಕ್ಕೆ ಕೆಲಸ ಇದೆ.

ಕಬ್ಬಿಣ, ಅಲ್ಯೂಮಿನಿಯಂ, ರದ್ದಿ ಗುಜರಿಯವರಿಗೆ. ಬಂದದ್ದು 1,140 ರೂಪಾಯಿ. ಪ್ಲಾಸ್ಟಿಕ್ಕು ಹರಿತ ಕರ್ಮಸೇನೆಯವರಿಗೆ, ಅಂದರೆ ಪಂಚಾಯತಿನ ಪರವಾಗಿ ಮನೆಮನೆಯಿಂದ ಕಸ ಒಯ್ಯುವ ಹೆಂಗಸರ ತಂಡಕ್ಕೆ. ತಿಂಗಳಿಗೆ 50 ರೂಪಾಯಿ ಹೇಗೂ ಕೊಡುತ್ತೇವೆ. ಆದರೆ ತೊಳೆದು ಒಣಗಿಸಿ ಕೊಡಬೇಕು. ಹಾಲಿನ ತೊಟ್ಟೆಯಲ್ಲಿ ಹಾಲಿನ ಪಸೆ ಇದ್ದರೆ ಇಡೀ ಚೀಲ ನಾರುತ್ತದೆ, ಅದನ್ನು ವಿಂಗಡಿಸುವವರೂ ನಮ್ಮ ಊರಿನ ಹೆಂಗಸರೇ. ಮಿಕ್ಸಿ, ಸುಟ್ಟ ಬಲ್ಬು, ಹಳೇ ಚಪ್ಪಲಿ, ಗಾಜು ಇವನ್ನೆಲ್ಲ ಒಂದೇ ಸಲ ಒಯ್ಯುವುದಿಲ್ಲ. ಯಾವ ತಿಂಗಳಲ್ಲಿ ಯಾವುದು ಅಂತ ಪಟ್ಟಿ ಇದೆ. ಅದನ್ನು ಕೇಳಿ ಬರೆದುಕೊಂಡು, ಒಂದೊಂದಕ್ಕೆ ಒಂದೊಂದು ಚೀಲ ಮಾಡಿ ಮನೆ ಹಿಂದಿನ ಚಾವಣಿಯ ಅಡಿಯಲ್ಲಿ ನೇತುಹಾಕಿದೆವು. ಸುಟ್ಟುಬಿಡುವ ಅಂತ ಹೇಳುವವರು ಈಗಲೂ ಇದ್ದಾರೆ. ಪ್ಲಾಸ್ಟಿಕ್ ಸುಡುವುದು ಅಪರಾಧ, ದಂಡವೂ ಇದೆ. ಅದಕ್ಕಿಂತ ಹೆಚ್ಚಾಗಿ, ಆ ಹೊಗೆ ಮೊದಲು ಹೋಗುವುದು ನಮ್ಮದೇ ಬಾವಿಕಟ್ಟೆಯ ಮೇಲೆ.

ಟ್ರಂಕಿಗೆ ಜಾಸ್ತಿ ಹೊತ್ತು ಹಿಡಿಯಿತು. ಮೇಲೆ ಕರೆಂಟು ಬಿಲ್ಲು, ಮದುವೆ ಕಾಗದ, ನಿಂತುಹೋದ ಚಿಟ್‌ಫಂಡಿನ ಪುಸ್ತಕ. ಅವುಗಳ ಅಡಿಯಲ್ಲಿ ಜಾಗದ ಆಧಾರಗಳು. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲಿನದ್ದು ಕನ್ನಡದಲ್ಲಿ, ಮೋಡಿಯಂಥ ಕೈಬರಹದಲ್ಲಿದೆ. ಆಮೇಲೆ ಭೂಸುಧಾರಣೆಯಲ್ಲಿ ಸಿಕ್ಕಿದ ಪಟ್ಟಯ (ಜಾಗದ ಹಕ್ಕುಪತ್ರ), ಅದು ಮಲಯಾಳದಲ್ಲಿ. ಎರಡೂ ಬೇಕು. ಜಾಗವನ್ನು ಹೊಸದಾಗಿ ಅಳೆಯುವ ಡಿಜಿಟಲ್ ರೀಸರ್ವೆಯವರು ಬಂದಾಗ, ಹೆಸರು ಬದಲಿಸುವಾಗ, ಸಾಲಕ್ಕೆ ಹೋದಾಗ ಹಿಂದಿನ ಆಧಾರ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಕನ್ನಡದ ಪತ್ರದ ಮಡಿಕೆಗಳಲ್ಲಿ ಕಾಗದ ಹರಿದು ನಿಂತಿತ್ತು, ಒಂದು ಅಂಚನ್ನು ಬೆಳ್ಳಿಹುಳ ಕೆರೆದಿತ್ತು. ಇಂಥದ್ದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಶಾಯಿ ಕೆಡಬಹುದು, ಮತ್ತೆ ಬಿಡಿಸಲು ಬರುವುದಿಲ್ಲ. ನಾವು ಮಡಿಕೆ ಬಿಡಿಸಿ, ಅಗಲವಾಗಿ ಹಾಸಿ, ಬಿಳಿ ಕಾಗದದ ನಡುವೆ ಇಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿದೆವು. ಪ್ರತಿ ಪುಟದ ಫೋಟೋ ತೆಗೆದು ನಾದಿನಿಯ ಫೋನಿಗೂ ಕಳಿಸಿದೆವು. ಉಳಿದ ಕಾಗದದಲ್ಲಿ ಮುಕ್ಕಾಲು ಪಾಲು ರದ್ದಿಗೆ ಹೋಯಿತು.

ಹಂತ 5: ರ‍್ಯಾಕು

ಹೊಸ ಕಪಾಟು ತರಲಿಲ್ಲ. ಅಟ್ಟದಿಂದ ಇಳಿದ ರೀಪು, ಪಕ್ಕಾಸಿನ ಕಟ್ಟು ಬಿಚ್ಚಿದಾಗ ಮರಗೆಲಸದ ಆಚಾರಿಯವರು ಒಂದು ತುಂಡನ್ನು ಉಗುರಿನಲ್ಲಿ ಗೀರಿ ನೋಡಿ, "ಅಕ್ಕ, ಇದು ಕಿರಾಲ್‌ಬೋಗಿ. ಈಗ ದುಡ್ಡು ಕೊಟ್ಟರೂ ಸಿಗ್ಲಿಕ್ಕಿಲ್ಲ" ಅಂದರು. ಬೋಗಿ ಅಂದರೆ ಬಹಳ ಗಟ್ಟಿ ಕಾಡುಮರ. ಒಂದೇ ಒಂದು ರೀಪಿಗೂ ಗೆದ್ದಲು ಹಿಡಿದಿರಲಿಲ್ಲ. ಇಷ್ಟು ವರ್ಷ ಸುಮ್ನೆ ಜಾಗ ತಿಂದದ್ದೇ ಈಗ ಜಾಗ ಕೊಡುವಂತಾಯಿತು.

ಜಾಗ: ನಡುಕೋಣೆಯ ಒಳಗೋಡೆ. ಅದರ ಆಚೆ ಬದಿಗೆ ಗ್ಯಾಸ್ ಒಲೆ.

ಅಳತೆ: ಎತ್ತರ 6 ಅಡಿ, ಉದ್ದ 4 ಅಡಿ. ಪಕ್ಕಾಸು 4 × 2 ಇಂಚಿನದ್ದು. ಎರಡನ್ನು ಮರದ ಮಿಲ್ಲಿನಲ್ಲಿ ಉದ್ದಕ್ಕೆ ಸೀಳಿಸಿದರೆ ನಾಲ್ಕು ಕಂಬ ಆಯಿತು. ಪ್ರತಿ ಅಂತಸ್ತಿಗೆ 2 ಇಂಚು ಅಗಲದ ಆರು ರೀಪು, ನಡುವೆ ಅರ್ಧ ಇಂಚು ಸಂದು. ಆಗ ಆಳ ಹದಿನಾಲ್ಕೂವರೆ ಇಂಚು ಬರುತ್ತದೆ. ಪ್ಲೈವುಡ್ ಹಲಗೆ ಹಾಕದೆ ಸಂದು ಬಿಟ್ಟದ್ದು ಬೇಕೆಂದೇ. ಗಾಳಿ ಕೆಳಗಿನಿಂದ ಮೇಲಕ್ಕೆ ಆಡಬೇಕು. ಅಂತಸ್ತುಗಳು ನೆಲದಿಂದ 9, 27, 41, 55, 69 ಇಂಚಿನಲ್ಲಿ. ಕೆಳಗೆ 9 ಇಂಚು ಬಿಟ್ಟದ್ದು ಹಿಡಿಸೂಡಿ ಸಲೀಸಾಗಿ ಒಳಹೋಗಲಿ ಅಂತ. ಗುಡಿಸಲು ಬಾರದ ಜಾಗದಲ್ಲೇ ಗೆದ್ದಲು ಮಣ್ಣು ಕಟ್ಟುವುದು. ಕೆಳಗಿನ ಅಂತಸ್ತಿಗೆ 18 ಇಂಚು ಕೊಟ್ಟದ್ದು ಉಪ್ಪಿನಕಾಯಿ ತುಂಬಿದ ಭರಣಿಗೆ. ಗೋಡೆಯಿಂದ 3 ಇಂಚು ದೂರ.

ಮೊಳೆ ನಡೆಯಲಿಲ್ಲ. ಹಳೇ ಬೋಗಿಗೆ ಮೊಳೆ ಹೊಡೆದರೆ ಮೊಳೆಯೇ ಮಡಚುತ್ತದೆ, ಗಟ್ಟಿ ಹೊಡೆದರೆ ತುದಿಯಲ್ಲಿ ರೀಪು ಸೀಳುತ್ತದೆ. ಸ್ಕ್ರೂವನ್ನೂ ನೇರ ಹಾಕಲು ಹೋದರೆ ತಲೆ ಸವೆದುಹೋಗುತ್ತದೆ. ಸರಿಯಾದದ್ದು ಹೀಗೆ: ಮೊದಲು 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಪೂರ್ತಿ ತೂತು, ಸ್ಕ್ರೂವಿನ ಸುತ್ತಿಗೆ ಬಟ್ಟೆಸೋಪು ಉಜ್ಜಿ, ಕೊನೆಯ ಎರಡು ಸುತ್ತು ಕೈಯಲ್ಲೇ. ತೂತು ಕೊರೆಯುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಬಿಟ್ಟನ್ನು ಹೊರಗೆ ತೆಗೆದು ಪುಡಿ ಕೊಡವಬೇಕು. ಇಲ್ಲದಿದ್ದರೆ ಬಿಸಿಯಾಗಿ ತುಂಡಾಗುತ್ತದೆ. ಕೊರೆದಾಗ ಬರುವ ಪುಡಿ ಗಾಢ ಕಂದು, ಇಷ್ಟು ವರ್ಷದ ಮೇಲೂ ಮರದ ವಾಸನೆ ಇತ್ತು.

ಗೋಡೆಗೆ ಹಿಡಿಸಿದ್ದು ವಿಫಲವಾಯಿತು. ರ‍್ಯಾಕು ಮುಂದಕ್ಕೆ ಬೀಳದಿರಲಿ ಅಂತ ಪ್ಲಾಸ್ಟಿಕ್ ಪ್ಲಗ್ ಹಾಕಿ ಎರಡು ಕಡೆ ಸ್ಕ್ರೂ ಬಿಗಿದೆವು. ಕೈಯಲ್ಲಿ ಜಗ್ಗಿದಾಗ ಪ್ಲಗ್ಗು ಕೆಂಪು ಪುಡಿಯ ಸಮೇತ ಕಿತ್ತು ಬಂತು. ಮುರಕಲ್ಲಿನ ಒಳಗೆ ಗುಳಿ, ಮೆದು ಮಣ್ಣು ಇರುತ್ತದೆ. ಪ್ಲಗ್ಗಿಗೆ ಹಿಡಿತವೇ ಇಲ್ಲ. ತೂತು ದೊಡ್ಡದು ಮಾಡಿ ಮರದ ಬೆಣೆ ಹೊಡೆದು ಸಿಮೆಂಟು ತುಂಬಿದೆವು. ಅದು ನಿಂತಿತು, ಆದರೆ ಮಕ್ಕಳು ಹತ್ತಿದರೆ ತಡೆದೀತು ಅನ್ನುವ ಧೈರ್ಯ ಬರಲಿಲ್ಲ. ಆಚಾರಿಯವರು ಬೇರೆ ದಾರಿ ಹಿಡಿದರು. ಹಿಂದಿನ ಎರಡು ಕಂಬಗಳಿಗೆ ಉಳಿದ ರೀಪಿನ ತುಂಡು ಸೇರಿಸಿ ಮೇಲಕ್ಕೆ ಎತ್ತಿ ಅಟ್ಟದ ತೊಲೆಗೇ ಸ್ಕ್ರೂ ಹಾಕಿದರು. ಈಗ ಭಾರ ನೆಲಕ್ಕೆ, ಹಿಡಿತ ತೊಲೆಗೆ. ಗೋಡೆಗೂ ರ‍್ಯಾಕಿಗೂ ಸಂಬಂಧವೇ ಇಲ್ಲ. ಮುರಕಲ್ಲಿನ ಮನೆಯಲ್ಲಿ ಎತ್ತರದ ಯಾವ ಕಪಾಟು ನಿಲ್ಲಿಸುವುದಿದ್ದರೂ ಮೊದಲೇ ಹೀಗೆ ಮಾಡುವುದು ಒಳ್ಳೆಯದು.

ಕಂಬದ ಬುಡದ 6 ಇಂಚಿಗೆ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆ ಗೆದ್ದಲನ್ನು ದೂರ ಇಡುತ್ತದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ, ಗ್ಲೌಸ್ ಬೇಕೇ ಬೇಕು. ಬೇಗ ಒಣಗುವುದಿಲ್ಲ. ಜಗಲಿಯಲ್ಲಿ ಒರಗಿಸಿಟ್ಟು ಅಂಟು ಹೋಗುವವರೆಗೆ ಕಾಯಬೇಕು. ಹಿಂದಿನ ಗೋಡೆಗೆ ಸುಣ್ಣ ಬಳಿದೆವು, ಪ್ಲಾಸ್ಟಿಕ್ ಪೇಂಟು ಬೇಡ ಅಂದೆವು. ಸುಣ್ಣದ ಗೋಡೆ ತೇವ ಹೀರಿದರೂ ಮತ್ತೆ ಹೊರಬಿಡುತ್ತದೆ. ಪೇಂಟಿನದ್ದು ಒಳಗೇ ಹಿಡಿದು ಆಮೇಲೆ ಹೊಪ್ಪಳೆ ಏಳುತ್ತದೆ.

ಖರ್ಚು: ಆಚಾರಿಯವರ ಅರ್ಧ ದಿನದ ಕೂಲಿ 600, ಮಿಲ್ಲಿಗೆ 100, ಸ್ಕ್ರೂ 180, ಡ್ರಿಲ್ ಬಿಟ್ಟು 90, ಗೇರೆಣ್ಣೆ 150, ಸುಣ್ಣ 120, ಬಿಗಿ ಮುಚ್ಚಳದ ಮೂರು ಡಬ್ಬ 1,260. ಒಟ್ಟು 2,500. ಮರಕ್ಕೆ ಖರ್ಚಿಲ್ಲ.

ಹಂತ 6: ಅಟ್ಟಕ್ಕೆ ಮತ್ತೆ ಏರಿದ್ದು

ಲೋಹ, ಭರಣಿ, ಕಲ್ಲು. ಬೇರೆ ಏನೂ ಇಲ್ಲ. ಎರಡು ಕಡೆ ಹಂಚು ತೆಗೆದು ಗಾಜಿನ ಹಂಚು ಹಾಕಿಸಿದೆವು. ಕೆಳಗೆ ನಿಂತರೇ ಅಟ್ಟದಲ್ಲಿ ಏನಿದೆ ಅಂತ ಕಾಣುತ್ತದೆ. ಕತ್ತಲೆಯಲ್ಲಿ ಇಟ್ಟದ್ದು ಮರೆತುಹೋಗುತ್ತದೆ, ಮರೆತದ್ದನ್ನು ಮತ್ತೆ ಕೊಂಡು ತರುತ್ತೇವೆ. ನಮ್ಮಲ್ಲಿ ತೆಂಗಿನಕಾಯಿ ಹೆರೆಯುವ ಮಣೆ ಮೂರು ಸೇರಿದ್ದು ಹೀಗೆಯೇ. ಮಾಡಿನ ಕೊನೆಯ ತೆರೆದ ಜಾಗಗಳಿಗೆ ಕಬ್ಬಿಣದ ಬಲೆ ಹೊಡೆದೆವು. ಇಲಿ, ಮರಬೆಕ್ಕು ಬರುವಂತಿಲ್ಲ, ಗಾಳಿಗೆ ಅಡ್ಡಿಯಿಲ್ಲ.

ಹಂತ 7: ಈ ಆಟಿಯಲ್ಲಿ ಕಂಡದ್ದು

ರ‍್ಯಾಕಿನ ನಡು ಅಂತಸ್ತಿನಲ್ಲಿ ಮೀಟರ್ 73-76ರಲ್ಲೇ ಇತ್ತು. ಮಗಳ ಪುಸ್ತಕ, ಬಟ್ಟೆ, ಹಪ್ಪಳದ ಡಬ್ಬ ಎಲ್ಲ ಸರಿಯಾಗಿವೆ. ಹಪ್ಪಳ ಹುರಿದರೆ ಅರಳುತ್ತದೆ. ಅತ್ತೆಗೆ ಅದೇ ಪರೀಕ್ಷೆ, ಮೀಟರ್ ಅವರು ನೋಡುವುದಿಲ್ಲ. ಅಟ್ಟದಲ್ಲಿ ಹುಳದ ಗುಂಪು ಈ ಸಲ ಕೂರಲಿಲ್ಲ.

ಸರಿಯಾಗದ್ದೂ ಇದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಕಂಬಳಿ, ಸ್ವೆಟರ್ ಚೆನ್ನಾಗಿ ಉಳಿದವು, ರೇಷ್ಮೆ ಸೀರೆಗೆ ಮಾತ್ರ ಮುಗ್ಗಲು ವಾಸನೆ ಬಂತು. ಸೀರೆಗಳನ್ನು ಡಬ್ಬದಿಂದ ತೆಗೆದು, ಹಳೇ ಪಂಚೆಯಲ್ಲಿ ಸುತ್ತಿ ಮೇಲಿನ ಅಂತಸ್ತಿಗೆ ಇಟ್ಟ ಮೇಲೆ ವಾಸನೆ ಹೋಯಿತು. ಡಬ್ಬದ ಮೇಲೆ ಅಂಟಿಸಿದ ಚೀಟಿಗಳೆಲ್ಲ ಉದುರಿದವು. ಈಗ ಮಗಳು ಮಾರ್ಕರಿನಲ್ಲಿ ನೇರ ಡಬ್ಬದ ಮೇಲೇ ಬರೆದಿದ್ದಾಳೆ. ಮಳೆಯಲ್ಲಿ ಒಗೆದ ಬಟ್ಟೆ ಒಣಗಿಸುವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ನಡುಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಿದ ದಿನ ರ‍್ಯಾಕಿನ ಹತ್ತಿರವೇ ಮೀಟರ್ 84ಕ್ಕೆ ಏರಿತು. ಹಾಗಾಗಿ ಸದ್ಯ ಹಿಂದಿನ ಚಾವಣಿಯ ಅಡಿಯಲ್ಲೇ ಹಾಕುತ್ತೇವೆ, ಎರಡು ಮೂರು ದಿನ ಹಿಡಿದರೂ ಸರಿ.

ದಿನದ ಕ್ರಮ ಇಷ್ಟೇ. ರ‍್ಯಾಕು ತುಂಬಿದರೆ ಮನೆ ತುಂಬಿತು ಅಂತ ಲೆಕ್ಕ. ಹೊಸದೊಂದು ಬಂದರೆ ಹಳೆಯದೊಂದು ಆ ವಾರವೇ ಹೋಗಬೇಕು. ಯಾವುದನ್ನು ಅಂತ ತೀರ್ಮಾನಿಸುವುದು ಅದನ್ನು ಬಳಸುವವರೇ, ನಾನಲ್ಲ. ಈ ಒಂದು ಮಾತು ಮೊದಲೇ ಆದದ್ದರಿಂದ ಮನೆಯಲ್ಲಿ ಜಗಳ ಇಲ್ಲ.

ಮುಂದಿನ ಕೆಲಸ ಪಡುಕೋಣೆಯ ಕಬ್ಬಿಣದ ಕಪಾಟು. ಅದನ್ನು ಗೋಡೆಯಿಂದ ಬಿಡಿಸಿ ಒಳಬದಿಗೆ ತಿರುಗಿಸಿ ನಿಲ್ಲಿಸಬೇಕು. ಮಂಚದ ಜಾಗ ಬದಲಾಗುತ್ತದೆ, ಕಿಟಕಿ ಬಾಗಿಲು ತಾಗುತ್ತದಾ ಅಂತ ಅಳೆಯಬೇಕು. ಕಪಾಟಿನ ಅಡಿಗೆ ಮರದ ಪೀಠಕ್ಕೆ ಇನ್ನೆರಡು ರೀಪು ಕಮ್ಮಿ ಬೀಳುತ್ತದೆ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಬರುತ್ತೇನೆ ಅಂತ ಆಚಾರಿಯವರು ಹೇಳಿದ್ದಾರೆ.